ಆಟದ ಲೋಕಕ್ಕೆ ಖಾತೆ ಬದಲಾವಣೆ

ಮೈನ್‌ಕ್ರಾಫ್ಟ್ ಆಟದಲ್ಲಿ ಕಾಡುತೋಳಕ್ಕೆ ಮೂಳೆ ಹಾಕಿ ಪಳಗಿಸಿದರೆ ಅದು ಸಾಕುನಾಯಿಯಾಗುತ್ತದೆ. ಪಳಗಿಸಿದವನ ಬೆನ್ನ ಹಿಂದೆಯೇ ಓಡಾಡುತ್ತದೆ, ಅವನು ಕೂರಿಸಿದರೆ ಕೂರುತ್ತದೆ. ಬೇರೆಯವರು ಅದನ್ನು ಎಬ್ಬಿಸಲಾರರು. ಗೆಳೆಯರು ಕೂಡಿ ಕಟ್ಟಿದ ಇಂಥ ಲೋಕವನ್ನು ಹಳೆಯ ಸರ್ವರ್‌ನಿಂದ ಹೊಸದಕ್ಕೆ ಒಂದು ಬೈಟ್ ಕೂಡ ತಪ್ಪದಂತೆ ನಕಲು ಮಾಡಿದ ಮೇಲೂ ಕೆಲವೊಮ್ಮೆ ವಿಚಿತ್ರವೊಂದು ನಡೆಯುತ್ತದೆ. ಕಟ್ಟಿದ ಮನೆ, ತೋಡಿದ ಗಣಿ, ಪೆಟ್ಟಿಗೆಯಲ್ಲಿಟ್ಟ ಚಿನ್ನ ಎಲ್ಲವೂ ಇದ್ದಲ್ಲೇ ಇರುತ್ತವೆ. ನಾಯಿಯೂ ಕೂತಲ್ಲೇ ಕೂತಿರುತ್ತದೆ. ಆದರೆ ಅದನ್ನು ಸಾಕಿದವನು ಬರಿಗೈಯಲ್ಲಿ, ಊರಿಗೆ ಹೊಸದಾಗಿ ಬಂದವನಂತೆ ನಿಂತಿರುತ್ತಾನೆ; ನಾಯಿ ಅವನನ್ನು ಗುರುತಿಸುವುದೇ ಇಲ್ಲ. ಯಾವ ಫೈಲೂ ಕೆಟ್ಟಿಲ್ಲ, ಯಾವುದೂ ಅಳಿಸಿಹೋಗಿಲ್ಲ. ‘ಇವನು ಯಾರು?’ ಎಂಬ ಪ್ರಶ್ನೆಗೆ ಹೊಸ ಸರ್ವರ್ ಕೊಡುವ ಉತ್ತರ ಮಾತ್ರ ಬೇರೆಯಾಗಿದೆ. ಹಂಚಿಕೊಂಡು ಆಡುವ ಲೋಕವೊಂದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸುರಕ್ಷಿತವಾಗಿ ದಾಟುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಅದರ ಗಾತ್ರವಲ್ಲ, ಇಂಟರ್‌ನೆಟ್ ವೇಗವೂ ಅಲ್ಲ. ಯಾರು ಯಾರು, ಯಾವುದು ಯಾರದ್ದು ಎಂಬುದನ್ನು ಆಟ ರೂಪಿಸಿದವರು ಎಲ್ಲಿ ಬರೆದಿಟ್ಟಿದ್ದಾರೆ ಎಂಬುದೇ ಅದನ್ನು ತೀರ್ಮಾನಿಸುತ್ತದೆ.

ಆಟದ ಲೋಕ ಎಂದರೆ ಒಂದೇ ವಸ್ತುವಲ್ಲ, ಮೂರು. ಮೊದಲನೆಯದು ಸ್ಥಿತಿ: ಯಾವ ಗೋಡೆ ಎಲ್ಲಿದೆ, ಯಾವ ಬಾಗಿಲು ತೆರೆದಿದೆ ಎಂಬ ವಿವರ. ಎರಡನೆಯದು ನಿಯಮ: ನೀರು ಹೇಗೆ ಹರಿಯಬೇಕು, ಬೆಂಕಿ ಏನನ್ನು ಸುಡಬೇಕು ಎಂದು ಹೇಳುವ ಪ್ರೋಗ್ರಾಂ. ಮೂರನೆಯದು ಗುರುತು ಮತ್ತು ಅಧಿಕಾರ. ಈ ಮೂರರಲ್ಲಿ ಸ್ಥಿತಿಯೇ ಭಾರಿ ಎನಿಸುತ್ತದೆ, ಸಾಗಿಸಲು ಅದೇ ಅತಿ ಸುಲಭ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ನೆಲವನ್ನು 16×16 ಅಗಲದ ತುಂಡುಗಳಾಗಿ ಕತ್ತರಿಸಿ, ಅಂಥ 32×32 ತುಂಡುಗಳನ್ನು ಒಂದೊಂದು ಫೈಲಿಗೆ ತುಂಬುತ್ತದೆ. ಅಂದರೆ ಒಂದು ಫೈಲಿನಲ್ಲಿ 512×512 ಇಟ್ಟಿಗೆಗಳಷ್ಟು ವಿಸ್ತಾರ. ಯಾರೂ ಕಾಲಿಡದ ಜಾಗವನ್ನು ಉಳಿಸುವುದೇ ಇಲ್ಲ, ಏಕೆಂದರೆ ಬೀಜಸಂಖ್ಯೆಯೊಂದನ್ನು ಇಟ್ಟುಕೊಂಡರೆ ಅದೇ ಬೆಟ್ಟ, ಅದೇ ಹೊಳೆಯನ್ನು ಲೆಕ್ಕ ಹಾಕಿ ಮತ್ತೆ ಹುಟ್ಟಿಸಬಹುದು. ಇಡೀ ಜಗತ್ತು ಕೊನೆಗೆ ಒಂದು ಫೋಲ್ಡರ್. ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟರೂ ಆಯಿತು.

ತೊಡಕು ಇರುವುದು ಮೂರನೆಯದರಲ್ಲಿ. ಮೊದಲು ಮೈನ್‌ಕ್ರಾಫ್ಟ್ ಆಟಗಾರರನ್ನು ಹೆಸರಿನಿಂದಲೇ ಗುರುತಿಸುತ್ತಿತ್ತು. ಹೆಸರು ಬದಲಿಸಿಕೊಳ್ಳಲು ಅವಕಾಶ ಕೊಡಬೇಕೆಂದಾಗ ಅದು ನಡೆಯದಾಯಿತು. ಹಾಗಾಗಿ 2014ರಲ್ಲಿ ಪ್ರತಿ ಖಾತೆಗೂ 128 ಬಿಟ್‌ಗಳ ವಿಶಿಷ್ಟ ಸಂಖ್ಯೆಯೊಂದು ಬಂತು. ಆಟಗಾರನ ಜೋಳಿಗೆಯ ಸಾಮಾನು ಆ ಸಂಖ್ಯೆಯ ಹೆಸರಿನ ಫೈಲಿನಲ್ಲಿರುತ್ತದೆ, ನಾಯಿಯ ದಾಖಲೆಯಲ್ಲೂ ಒಡೆಯ ಎಂದು ಅದೇ ಸಂಖ್ಯೆ ಇರುತ್ತದೆ. ಆದರೆ ಈ ಸಂಖ್ಯೆ ಬರುವ ದಾರಿಗಳು ಎರಡು. ಖಾತೆಯನ್ನು ಕಂಪನಿಯ ಬಳಿ ಪರಿಶೀಲಿಸುವ ಸರ್ವರ್‌ಗೆ ಕಂಪನಿಯೇ ಸಂಖ್ಯೆ ಕೊಡುತ್ತದೆ. ಪರಿಶೀಲಿಸದ ‘ಆಫ್‌ಲೈನ್’ ಸರ್ವರ್ ಆಟಗಾರನ ಹೆಸರಿನ ಅಕ್ಷರಗಳಿಂದಲೇ ಸಂಖ್ಯೆಯನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಒಂದು ಬಗೆಯ ಸರ್ವರ್‌ನಿಂದ ಇನ್ನೊಂದು ಬಗೆಯದಕ್ಕೆ ಲೋಕವನ್ನು ಒಯ್ದರೆ ಅದೇ ವ್ಯಕ್ತಿಗೆ ಬೇರೆ ಸಂಖ್ಯೆ ಬರುತ್ತದೆ. ನಾಯಿ ಮುಖ ತಿರುಗಿಸುವುದು ಇದರಿಂದ.

ಇನ್ನೂ ಗಟ್ಟಿಯಾದ ಸಾಕ್ಷಿ ಬೇಕಿದ್ದರೆ ಗೆಳೆಯರಲ್ಲೊಬ್ಬರ ಕಂಪ್ಯೂಟರೇ ಸರ್ವರ್ ಆಗಿ ಕೆಲಸ ಮಾಡುವ ಆಟಗಳನ್ನು ನೋಡಬೇಕು. 2024ರ ಜನವರಿಯಲ್ಲಿ ಬಂದ ಪಾಲ್‌ವರ್ಲ್ಡ್‌ನಲ್ಲಿ ಆಟ ನಡೆಸಿಕೊಡುವವನ ಗುರುತು ಅವನ ಖಾತೆಯ ಸಂಖ್ಯೆಯಲ್ಲ. 31 ಸೊನ್ನೆಗಳ ಕೊನೆಗೆ ಒಂದು 1. ಅಂದರೆ ಆಟದ ಲೆಕ್ಕದಲ್ಲಿ ಅವನು ಇಂಥ ವ್ಯಕ್ತಿ ಎಂದಲ್ಲ, ‘ಈ ಯಂತ್ರದ ಮುಂದೆ ಕೂತವನು’ ಎಂದಷ್ಟೇ. ಆ ಲೋಕವನ್ನು ಬಾಡಿಗೆಯ ಸರ್ವರ್‌ಗೆ ಸಾಗಿಸಿದೊಡನೆ ಅತಿಥಿಗಳೆಲ್ಲ ತಮ್ಮ ಪಾತ್ರಗಳೊಂದಿಗೆ ಮರಳಿ ಬಂದರೆ, ಲೋಕ ಕಟ್ಟಿದವನೇ ಮೊದಲಿನಿಂದ ಶುರುಮಾಡಬೇಕಾಯಿತು. ಕಡೆಗೆ ಆಟಗಾರರೇ ಸೇವ್ ಫೈಲನ್ನು ಬಿಚ್ಚಿ ಸಂಖ್ಯೆ ತಿದ್ದುವ ಉಪಕರಣಗಳನ್ನು ಬರೆದುಕೊಂಡರು. ಮೈನ್‌ಕ್ರಾಫ್ಟ್‌ನಲ್ಲೂ ವರ್ಷಗಟ್ಟಲೆ ಇದರ ಸೋದರ ದೋಷವೊಂದಿತ್ತು: ಒಬ್ಬರೇ ಆಡುವ ವಿಧಾನದಲ್ಲಿ ಯಜಮಾನನ ವಿವರ ಲೋಕದ ಮುಖ್ಯ ಫೈಲಿನ ಒಳಗೇ ಸೇರಿರುತ್ತಿದ್ದುದರಿಂದ, ಫೋಲ್ಡರ್ ಪಡೆದ ಗೆಳೆಯ ಅದನ್ನು ತನ್ನ ಯಂತ್ರದಲ್ಲಿ ತೆರೆದರೆ ಹಳೆಯ ಯಜಮಾನನ ಕವಚ ತೊಟ್ಟು, ಅವನ ಕತ್ತಿ ಹಿಡಿದು ಏಳುತ್ತಿದ್ದ. ಆ ಗೆಳೆಯನದೇ ಸಾಮಾನು ಪಕ್ಕದ ಫೈಲಿನಲ್ಲಿ ಯಾರೂ ಓದದೆ ಬಿದ್ದಿರುತ್ತಿತ್ತು.

ಜಮೀನಿನ ವಿಷಯದಲ್ಲಿ ನಾವು ಈ ತಪ್ಪು ಮಾಡುವುದಿಲ್ಲ. ಹೊಲ ಇದ್ದಲ್ಲೇ ಇರುತ್ತದೆ, ಪಹಣಿಯಲ್ಲಿ ಹೆಸರು ಬದಲಾಗುತ್ತದೆ; ಹೊಲದಲ್ಲಿ ನಿಂತವನೇ ಮಾಲೀಕ ಎಂದು ಯಾವ ಕಂದಾಯ ಕಚೇರಿಯೂ ಬರೆದುಕೊಳ್ಳುವುದಿಲ್ಲ. ಪಾಲ್‌ವರ್ಲ್ಡ್ ಮಾಡಿದ್ದು ಸರಿಸುಮಾರು ಆ ತಪ್ಪನ್ನೇ. ಅನುಕೂಲಕ್ಕೆ ಹಾಗೆ ಮಾಡಿರಬಹುದು. ಆಟದ ಮೊದಲ ಕರಡು ಬರೆಯುವಾಗ ಇರುವುದು ಒಬ್ಬನೇ ಆಟಗಾರ, ಒಂದೇ ಯಂತ್ರ. ಅವನಿಗೆ ‘1’ ಎಂದು ಹೆಸರಿಟ್ಟರೆ ಸಾಕು. ಆ ಸಂಕ್ಷೇಪವೇ ಮುಂದೆ ಸಾವಿರಾರು ಗೆಳೆಯರ ಗುಂಪುಗಳಿಗೆ ತಲೆನೋವಾಗುತ್ತದೆ.

ಇದಕ್ಕೆ ಬೇರೆ ದಾರಿ ಇತ್ತೇ? ಇತ್ತು, ಅದೂ ಬಹಳ ಹಿಂದೆಯೇ. ಪಾವೆಲ್ ಕರ್ಟಿಸ್ ಅವರು ಅಮೆರಿಕದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ 1990ರಲ್ಲಿ ತೆರೆದ ಲ್ಯಾಮ್‌ಡಾಮೂ ಬರೀ ಪಠ್ಯದ ಲೋಕ: ಚಿತ್ರವಿಲ್ಲ, ಓದುತ್ತ ಬರೆಯುತ್ತ ಓಡಾಡಬೇಕು. ಅದರಲ್ಲಿ ಪ್ರತಿ ವಸ್ತುವಿಗೂ ಒಂದು ಕ್ರಮಸಂಖ್ಯೆ, ಪ್ರತಿ ವಸ್ತುವಿನ ದಾಖಲೆಯಲ್ಲೂ ಒಡೆಯನ ಸಂಖ್ಯೆಗೆ ಒಂದು ಜಾಗ. ಕೋಣೆಯನ್ನು ಇನ್ನೊಬ್ಬರಿಗೆ ಕೊಡುವುದೆಂದರೆ ಆ ಜಾಗದಲ್ಲಿ ಬೇರೆ ಸಂಖ್ಯೆ ಬರೆಯುವುದು, ಅಷ್ಟೆ. ಇಡೀ ಲೋಕ ಆಗಾಗ ಒಂದೇ ಪಠ್ಯ ಫೈಲಾಗಿ ಡಿಸ್ಕಿಗೆ ಇಳಿಯುತ್ತಿತ್ತು. ಅದನ್ನು ಯಾವ ಯಂತ್ರದಲ್ಲಿ ಎತ್ತಿಟ್ಟರೂ ಒಡೆತನ ಅದರೊಳಗೇ ಬರುತ್ತಿತ್ತು. ಈ ವಿನ್ಯಾಸ ಇನ್ನೊಂದು ಸೂಕ್ಷ್ಮವನ್ನೂ ಕಲಿಸುತ್ತದೆ. ಅಲ್ಲಿ ಆಟಗಾರರು ತಾವೇ ಸಣ್ಣ ಪ್ರೋಗ್ರಾಂ ಬರೆದು ವಸ್ತುಗಳಿಗೆ ಜೋಡಿಸಬಹುದಿತ್ತು, ಮತ್ತು ಪ್ರೋಗ್ರಾಂ ಓಡುತ್ತಿದ್ದುದು ಅದನ್ನು ಬಳಸಿದವರ ಅಧಿಕಾರದಲ್ಲಲ್ಲ, ಅದರ ಒಡೆಯನ ಅಧಿಕಾರದಲ್ಲಿ. ಹೀಗಿರುವಾಗ ಸಾಮಾನ್ಯ ಆಟಗಾರನ ಪ್ರೋಗ್ರಾಮನ್ನು ಸರಿಯಾಗಿ ಓದದೆ ‘ವಿಝರ್ಡ್’ ಎಂದು ಕರೆಯುತ್ತಿದ್ದ ಮೇಲ್ವಿಚಾರಕನ ಹೆಸರಿಗೆ ವರ್ಗಾಯಿಸಿದರೆ, ಅದರೊಳಗೆ ಅಡಗಿದ ಕುತಂತ್ರಕ್ಕೆ ಇಡೀ ಲೋಕದ ಬೀಗದಕೈ ಸಿಕ್ಕಂತಾಗುತ್ತದೆ. ಒಡೆತನದ ಬದಲಾವಣೆ ಸುಲಭವಾಗಿರಬೇಕು, ಆದರೆ ಅಡ್ಡಾದಿಡ್ಡಿಯಾಗಿರಬಾರದು.

ನಿಯಮಗಳ ಮಾತು ಬೇರೆ. ಬ್ರಿಟನ್ನಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ 1978ರಲ್ಲಿ ಶುರುಮಾಡಿ 1980ರಲ್ಲಿ ರಿಚರ್ಡ್ ಬಾರ್ಟಲ್ ಕೈಗೆ ಒಪ್ಪಿಸಿದ ಮಡ್ ಎಂಬ ಆಟ ಇಂಥ ಲೋಕಗಳ ಮೂಲಪುರುಷ. ಮುಂದೆ ಅದು ಕಂಪ್ಯೂಸರ್ವ್ ಎಂಬ ಅಮೆರಿಕನ್ ಜಾಲಸೇವೆಯಲ್ಲಿ ಬ್ರಿಟಿಷ್ ಲೆಜೆಂಡ್ಸ್ ಎಂಬ ಹೆಸರಿನಿಂದ ಓಡಿತು. 1999ರ ಕೊನೆಗೆ, ಇಸವಿ 2000 ಬಂದಾಗ ಕಂಪ್ಯೂಟರ್‌ಗಳು ಕೆಡಬಹುದೆಂಬ ಭಯದಲ್ಲಿ ಹಳೆಯ ಯಂತ್ರಗಳನ್ನು ಗುಡಿಸಿಹಾಕುವಾಗ ಅದೂ ನಿಂತಿತು. ಅದನ್ನು ಹೊಸ ಯಂತ್ರಕ್ಕೆ ತರಲು ನಕಲು ಮಾಡಿದರೆ ಸಾಲದಾಗಿತ್ತು. 36 ಬಿಟ್‌ಗಳ ಪದ ಬಳಸುತ್ತಿದ್ದ ಪಿಡಿಪಿ-10 ಯಂತ್ರಕ್ಕೆಂದು ಬಿಸಿಪಿಎಲ್ ಭಾಷೆಯಲ್ಲಿ ಬರೆದಿದ್ದ ಪ್ರೋಗ್ರಾಮನ್ನು 2000ದಲ್ಲಿ ವಿಕ್ಟರ್ ಟಾತ್ ಸಿ++ ಭಾಷೆಗೆ ಹೊಸದಾಗಿ ಬರೆದರು. ಸಿಟಿ ಆಫ್ ಹೀರೋಸ್ ಎಂಬ ಆನ್‌ಲೈನ್ ಆಟದ ಕಥೆಯಲ್ಲಿ ತಡೆ ಯಂತ್ರದ್ದಲ್ಲ, ಕಾನೂನಿನದು. 2012ರ ನವೆಂಬರ್ 30ರಂದು ಅದರ ಕಂಪನಿ ಎನ್‌ಸಿಸಾಫ್ಟ್ ಅದನ್ನು ಮುಚ್ಚಿತು. ಸರ್ವರ್ ಪ್ರೋಗ್ರಾಂ ಗುಟ್ಟಾಗಿ ಉಳಿದಿದ್ದು 2019ರಲ್ಲಿ ಬಯಲಾಯಿತು, ಹೋಂಕಮಿಂಗ್ ಎಂಬ ಅಭಿಮಾನಿಗಳ ಗುಂಪಿಗೆ ಅಧಿಕೃತ ಪರವಾನಗಿ ಸಿಕ್ಕಿದ್ದು 2024ರ ಜನವರಿಯಲ್ಲಿ. ನಗರ ಮರಳಿ ಸಿಕ್ಕಿತು. ಆದರೆ ಅದರ ಹಳೆಯ ನಿವಾಸಿಗಳು ಹೊಸ ಪಾತ್ರ ಹುಟ್ಟಿಸಿಕೊಂಡೇ ಅದರೊಳಗೆ ಬರಬೇಕಾಯಿತು. ನಿಯಮಗಳು ಉಳಿದು ಗುರುತುಗಳು ದಾಟದಿದ್ದರೆ ಸಿಗುವುದು ಇಷ್ಟೇ.

ಗುರುತುಗಳನ್ನು ಆಟಗಾರರ ಕೈಗೇ ಕೊಟ್ಟುಬಿಟ್ಟರೆ? 2021ರಲ್ಲಿ ಬಂದ ವಾಲ್‌ಹೈಮ್ ಹಾಗೆಯೇ ಮಾಡಿತು. ಲೋಕದ ಫೈಲುಗಳು ಬೇರೆ, ಪಾತ್ರದ ಫೈಲು ಬೇರೆ. ಪಾತ್ರ ಇರುವುದು ಆಟಗಾರನ ಸ್ವಂತ ಕಂಪ್ಯೂಟರಿನಲ್ಲಿ. ಲೋಕವನ್ನು ಯಾರಿಗೆ ಕೊಟ್ಟರೂ ಯಾರೂ ಬರಿಗೈ ಆಗುವುದಿಲ್ಲ. ಇದಕ್ಕೆ ಬರುವ ಆಕ್ಷೇಪ ನ್ಯಾಯವಾದದ್ದೇ: ನನ್ನ ಪಾತ್ರ ನನ್ನ ಡಿಸ್ಕಿನಲ್ಲಿದ್ದರೆ ಅದನ್ನು ತಿದ್ದಿ ಒಂದು ಚೀಲ ಚಿನ್ನ ಸೇರಿಸಿಕೊಳ್ಳಲು ಏನು ಅಡ್ಡಿ? ಗೆಳೆಯರ ನಡುವೆ ಅದು ದೊಡ್ಡ ವಿಷಯವಲ್ಲ, ಲಕ್ಷಾಂತರ ಜನ ಸ್ಪರ್ಧಿಸುವಲ್ಲಿ ದೊಡ್ಡದು. ಆದರೆ ಇದಕ್ಕೆ ಪರಿಹಾರ ದಶಕಗಳಿಂದ ಬಳಕೆಯಲ್ಲಿದೆ. ಸರ್ವರ್ ತನ್ನ ರಹಸ್ಯ ಕೀಲಿಯಿಂದ ಫೈಲಿಗೆ ಡಿಜಿಟಲ್ ಸಹಿ ಹಾಕಿಕೊಟ್ಟರೆ, ಒಂದು ಅಕ್ಷರ ಬದಲಾದರೂ ಸಹಿ ಹೊಂದುವುದಿಲ್ಲ. ಫೈಲು ಯಾರ ಬಳಿ ಇದೆ ಎಂಬುದು ಆಗ ಮುಖ್ಯವಾಗದು. ಪಾತ್ರದ ಫೈಲನ್ನು ಆಟಗಾರರ ಕೈಗಿಟ್ಟ ನಿದರ್ಶನವೂ ಇದೆ: ಚೀನಾದಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟ ನಡೆಸಲು ನೆಟ್‌ಈಸ್ ಕಂಪನಿಯೊಂದಿಗೆ ಇದ್ದ ಒಪ್ಪಂದ ಮುಗಿದು 2023ರ ಜನವರಿಯಲ್ಲಿ ಸೇವೆ ನಿಲ್ಲುವ ಮುನ್ನ, ಆಟಗಾರರು ತಮ್ಮ ಪಾತ್ರದ ವಿವರವನ್ನು ಫೈಲಾಗಿ ಇಳಿಸಿಕೊಳ್ಳಲು ಅವಕಾಶವಿತ್ತು. 2024ರಲ್ಲಿ ಅದೇ ನೆಟ್‌ಈಸ್ ಕಂಪನಿಯೊಂದಿಗೆ ಮರು ಒಪ್ಪಂದವಾಗಿ ಆಟ ಮರಳಿತು. ಅದೇ ಆಟ 2009ರಲ್ಲಿ ದಿ ನೈನ್ ಎಂಬ ಕಂಪನಿಯಿಂದ ನೆಟ್‌ಈಸ್‌ಗೆ ಕೈಬದಲಾದಾಗ ಜೂನ್‌ನಲ್ಲಿ ನಿಂತ ಸೇವೆ ಪೂರ್ತಿ ಆರಂಭವಾಗಲು ಸೆಪ್ಟೆಂಬರ್ ಆಗಿತ್ತು.

ಖಾಸಗಿತನದ ಆಕ್ಷೇಪ ಇದಕ್ಕಿಂತ ಭಾರವಾದದ್ದು. ಹೊಸ ಮಾಲೀಕನಿಗೆ ಲೋಕ ಕೊಡುವಾಗ ಅದರೊಳಗಿನ ಗುಟ್ಟುಮಾತು, ಇಮೇಲ್ ವಿಳಾಸ, ಪಾಸ್‌ವರ್ಡ್ ದಾಖಲೆಗಳೂ ಹೋಗುತ್ತವಲ್ಲ? ಆಟಗಾರರು ಒಪ್ಪಿಗೆ ಕೊಟ್ಟದ್ದು ಹಳೆಯವನಿಗೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯನ್ನು ನಿರ್ದಿಷ್ಟ ಉದ್ದೇಶಕ್ಕೆ ಕಟ್ಟಿಹಾಕುತ್ತದೆ. ಈ ಆಕ್ಷೇಪವನ್ನು ಪೂರ್ತಿ ಒಪ್ಪಬೇಕು. ಒಪ್ಪಿದರೆ ಅದು ನನ್ನ ವಾದವನ್ನೇ ಬಲಪಡಿಸುತ್ತದೆ. ಲೋಕದ ಫೈಲಿನಲ್ಲಿ ಇರಬೇಕಾದದ್ದು ಅರ್ಥವಿಲ್ಲದ ಸಂಖ್ಯೆಗಳು ಮಾತ್ರ. ಆ ಸಂಖ್ಯೆಯ ಹಿಂದಿನ ಮನುಷ್ಯ ಯಾರು ಎಂಬ ಪಟ್ಟಿ ಬೇರೆಡೆ ಇರಬೇಕು, ಅದು ಲೋಕದ ಜೊತೆ ಕೈಬದಲಾಗಬಾರದು. ವರ್ಗಾವಣೆಯಾದ ಮೇಲೆ ಪ್ರತಿ ಆಟಗಾರ ತಾನೇ ಬಂದು ‘ಈ ಸಂಖ್ಯೆ ನನ್ನದು’ ಎಂದು ರುಜುವಾತು ಮಾಡಿಕೊಳ್ಳಲಿ. ಬರಲೊಲ್ಲದವರ ಗುರುತು ಹಾಗೆಯೇ ಅನಾಮಧೇಯವಾಗಿ ಉಳಿಯುತ್ತದೆ. ಗುರುತನ್ನೂ ಸ್ಥಿತಿಯನ್ನೂ ಕಲಸಿಟ್ಟ ಆಟಗಳಲ್ಲಿ ಈ ಸೌಜನ್ಯ ಸಾಧ್ಯವೇ ಇಲ್ಲ.

ದಾಖಲೆಯಲ್ಲಿ ಹೆಸರು ಬದಲಾದೊಡನೆ ಯಜಮಾನಿಕೆ ಬಂದುಬಿಡುತ್ತದೆಯೇ ಎಂದು ಕೇಳುವವರಿಗೆ ಲ್ಯಾಮ್‌ಡಾಮೂನಲ್ಲಿ ಉತ್ತರವಿದೆ. 1992ರ ಡಿಸೆಂಬರ್‌ನಲ್ಲಿ ಕರ್ಟಿಸ್, ವಿಝರ್ಡ್‌ಗಳು ಇನ್ನು ತಾಂತ್ರಿಕ ಕೆಲಸ ಮಾತ್ರ ಮಾಡುತ್ತಾರೆ, ಸಮಾಜದ ತೀರ್ಮಾನ ಆಟಗಾರರದ್ದು ಎಂದು ಘೋಷಿಸಿದರು. ಅರ್ಜಿ, ಮತದಾನಗಳ ವ್ಯವಸ್ಥೆಯೂ ಬಂತು. 1996ರಲ್ಲಿ ವಿಝರ್ಡ್‌ಗಳು ಆ ಘೋಷಣೆಯನ್ನು ಹಿಂತೆಗೆದುಕೊಂಡರು. ಯಂತ್ರದ ಕೀಲಿ ಯಾರ ಕೈಯಲ್ಲಿದೆಯೋ ಅವರ ‘ತಾಂತ್ರಿಕ’ ತೀರ್ಮಾನಗಳೆಲ್ಲ ಕೊನೆಗೆ ಸಾಮಾಜಿಕ ತೀರ್ಮಾನಗಳೇ ಆಗುತ್ತಿದ್ದವು. ಹಾಗಾಗಿ ದಾಖಲೆಯೊಂದೇ ಸಾಲದು, ನಿಜ. ಆದರೆ ದಾಖಲೆಯೇ ಇಲ್ಲದಿದ್ದರೆ ಚರ್ಚಿಸಲು ಏನೂ ಉಳಿಯುವುದಿಲ್ಲ.

ಹೀಗೆ ಲೋಕವನ್ನು ಬಿಟ್ಟುಕೊಡಲು ದೊಡ್ಡ ಕಂಪನಿಗಳು ಎತ್ತುವ ಆಕ್ಷೇಪ ಖರ್ಚಿನದು: ಹತ್ತಾರು ಕಡೆಯಿಂದ ಪರವಾನಗಿ ಪಡೆದ ಭಾಗಗಳನ್ನು ಜೋಡಿಸಿದ ಸರ್ವರನ್ನು ಬಿಚ್ಚಿ ಜನರ ಕೈಗಿಡಲಾಗದು ಎನ್ನುತ್ತವೆ. ಹಳೆಯ ಆಟಗಳ ಮಟ್ಟಿಗೆ ಇದು ಸರಿ ಇರಬಹುದು. ಮುಂದೆ ಬರುವ ಆಟಗಳಿಗೆ ಇದು ನೆಪ, ಏಕೆಂದರೆ ಮೊದಲ ದಿನವೇ ಯೋಚಿಸಿದರೆ ಬೇಕಾದ ಹೆಚ್ಚುವರಿ ಕೆಲಸ ಅಲ್ಪ. ಯೂಬಿಸಾಫ್ಟ್ 2024ರ ಮಾರ್ಚ್ ಕೊನೆಗೆ ದಿ ಕ್ರೂ ಆಟದ ಸರ್ವರ್ ನಿಲ್ಲಿಸಿದಾಗ, ಒಬ್ಬರೇ ಆಡುತ್ತಿದ್ದವರಿಗೂ ಆಟ ಸತ್ತುಹೋಯಿತು. ಅದರಿಂದ ಕೆರಳಿದ ಆಟಗಾರರು, ಸರ್ವರ್ ನಿಂತ ಮೇಲೂ ಆಟ ಉಳಿಯುವಂತೆ ಕಾನೂನು ಬೇಕೆಂದು ಸಲ್ಲಿಸಿದ ಮನವಿಗೆ ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಮೀರಿ ಸಹಿ ಬಿದ್ದವು.

ಕಾನೂನು ಬರುವ ತನಕ, ಗೆಳೆಯರ ಗುಂಪಿಗಾಗಿ ಲೋಕ ನಡೆಸುತ್ತಿರುವವರು ಕಾಯಬೇಕಿಲ್ಲ. ನಿಮ್ಮ ಆಟ ಯಜಮಾನನ ಗುರುತನ್ನು ಎಲ್ಲಿ ಇಡುತ್ತದೆ ಎಂದು ಈಗಲೇ ಹುಡುಕಿ ನೋಡಿ. ಪ್ರತಿಯೊಬ್ಬರ ಖಾತೆಯ ಸಂಖ್ಯೆ ಯಾವುದು ಎಂದು ಬರೆದಿಡಿ. ಫೋಲ್ಡರಿನ ನಕಲು ಇನ್ನಿಬ್ಬರ ಬಳಿ ಇರಲಿ. ಮುಖ್ಯವಾಗಿ, ಹಳೆಯ ಯಜಮಾನ ಇನ್ನೂ ಆಡುತ್ತಿರುವಾಗಲೇ ಒಮ್ಮೆ ಹೊಸ ಯಂತ್ರದಲ್ಲಿ ಆ ನಕಲನ್ನು ತೆರೆದು, ಎಲ್ಲರೂ ಒಳಬಂದು, ತಂತಮ್ಮ ಸಾಮಾನು ತಮ್ಮ ಕೈಯಲ್ಲಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ತಪ್ಪಿದ್ದರೆ ತಿದ್ದಲು ಆಗ ಹಳೆಯ ಲೋಕ ಇನ್ನೂ ಓಡುತ್ತಿರುತ್ತದೆ.