ತಲೆಸ್ನಾನಕ್ಕೆ ಮುಂಚಿನ ಮಾತ್ರೆ

ಮಿದುಳಿನ ಕಾಯಿಲೆಗೆ ಮಾತ್ರೆ ಎಂದ ಕೂಡಲೇ ನಮ್ಮಲ್ಲಿ ಏಳುವ ಅಂಜಿಕೆ, ಒಮ್ಮೆ ಶುರುಮಾಡಿದರೆ ಸಾಯುವ ತನಕ ದಿನಾ ನುಂಗಬೇಕಲ್ಲ ಎಂಬುದು. ಹಲವರಿಗೆ ವರ್ಷಗಟ್ಟಲೆ ಔಷಧ ಬೇಕಾಗುವುದು ನಿಜ. ಆದರೆ ಮಾತ್ರೆಯ ಲೆಕ್ಕ ರೋಗದ ಹೆಸರನ್ನಲ್ಲ, ಅದು ಬರುವ ಬಗೆಯನ್ನು ಅನುಸರಿಸಬೇಕು. ಅದಕ್ಕೆ ಸಾಕ್ಷಿ ಹಳೇ ಮೈಸೂರು ಸೀಮೆಯಲ್ಲೇ ಇದೆ: ಬಿಸಿನೀರಿನ ಮೂರ್ಛೆ. ಸಿರಾದಿಂದ ಹಿರಿಯೂರಿನತ್ತ ಹೋಗುವಾಗ ಸಿಗುವ ತಾವರೆಕೆರೆಯಂಥ ಊರುಗಳಲ್ಲಿ ತಲೆಸ್ನಾನವೆಂದರೆ ಹಂಡೆಯ ನೀರನ್ನು ಚೊಂಬಿನಿಂದ ನೆತ್ತಿಗೆ ಬಿಡುವಿಲ್ಲದೆ ಹುಯ್ದುಕೊಳ್ಳುವುದು. ನೀರಿನ ಬಿಸಿ ಸುಮಾರು 40ರಿಂದ 50 ಡಿಗ್ರಿ ಸೆಲ್ಸಿಯಸ್. ಎಲ್ಲೋ ಕೆಲವರಿಗೆ ಅಷ್ಟರಲ್ಲೇ ನೋಟ ನೆಟ್ಟು, ಮಾತು ತಡವರಿಸಿ, ಅರಿವು ತಪ್ಪುತ್ತದೆ. ವಿಚಿತ್ರವೆಂದರೆ, ಕೆಲವರು ಆ ಗಳಿಗೆ ಹಿತವೆನಿಸಿ ಇನ್ನಷ್ಟು ಹುಯ್ದುಕೊಳ್ಳುತ್ತಾರೆ. ನೋಡಿದವರು ಗಾಳಿ ಸೋಕಿದೆ ಎನ್ನದೆ ಇನ್ನೇನು ಅಂದಾರು!

ಬೆಂಗಳೂರಿನ ನರರೋಗ ತಜ್ಞ ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲೇ ಇದನ್ನು ವರದಿ ಮಾಡಿದ್ದರು. ಮುಂದೆ ಯಳಂದೂರಿನ ಸಮೀಕ್ಷೆಯಲ್ಲಿ ಲಕ್ಷಕ್ಕೆ 255 ಮಂದಿಯಲ್ಲಿ ಇದು ಕಂಡಿತು. ನಿಮ್ಹಾನ್ಸ್‌ನಲ್ಲಿ ಪಿ. ಸತೀಶ್ಚಂದ್ರ ಅವರ ತಂಡ ಇದರ ಬೆನ್ನುಹತ್ತಿತು. ಇಲ್ಲಿ ಬಳಕೆಗೆ ಬಂದ ಔಷಧ ಕ್ಲೋಬಜಾಮ್. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಕಡಿವಾಣದಂತೆ ಕೆಲಸ ಮಾಡುತ್ತದೆ. ಅದು ನರಕೋಶದ ಪೊರೆಯಲ್ಲಿರುವ ಬಾಗಿಲನ್ನು ತೆರೆದಾಗ ಕ್ಲೋರೈಡ್ ಅಯಾನುಗಳು ಒಳನುಗ್ಗಿ, ಕೋಶ ಸುಲಭಕ್ಕೆ ಕೆರಳದಂತಾಗುತ್ತದೆ. ಕ್ಲೋಬಜಾಮ್ ತಾನಾಗಿ ಬಾಗಿಲು ತೆರೆಯುವುದಿಲ್ಲ. ಗಾಬಾ ಬಂದಾಗ ಅದು ಹೆಚ್ಚು ಸಲ ತೆರೆಯುವಂತೆ ಮಾಡುತ್ತದೆ. ನುಂಗಿದ ಒಂದರಿಂದ ನಾಲ್ಕು ಗಂಟೆಯೊಳಗೆ ಔಷಧ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಆದ್ದರಿಂದಲೇ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಮಾತ್ರೆ. ಉಳಿದ ದಿನ ಇಲ್ಲ. ದಿನವೂ ಕೊಟ್ಟರೆ ಮಿದುಳು ಈ ಜಾತಿಯ ಔಷಧಕ್ಕೆ ಒಗ್ಗಿಹೋಗಿ ಪರಿಣಾಮ ತಗ್ಗಬಹುದು. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆಯಾದರೆ ಆ ತೊಡಕು ಕಡಿಮೆ.

ನೀರು ಬೆಚ್ಚಗಿದ್ದರೆ ಸಾಲದೆ, ಮಾತ್ರೆ ಯಾಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ವೈದ್ಯರ ಮೊದಲ ಸಲಹೆಯೂ ಅದೇ. ಎಲ್ಲರಿಗೂ ಅಷ್ಟರಿಂದಲೇ ನಿಲ್ಲದು, ಅಷ್ಟೆ. ಇದಕ್ಕಿಂತ ಗಟ್ಟಿ ಆಕ್ಷೇಪ ಬೇರೊಂದಿದೆ: ಹಾಗಾದರೆ ಫಿಟ್ಸ್ ಇರುವವರೆಲ್ಲ ಬೇಕಾದಾಗಷ್ಟೇ ನುಂಗಬಹುದಲ್ಲ? ಕೂಡದು. ಸಾಮಾನ್ಯ ಮೂರ್ಛೆ ಹೇಳಿಕೇಳಿ ಬರುವುದಿಲ್ಲ, ಆದ್ದರಿಂದ ಕಡಿವಾಣ ಸದಾ ಬಿಗಿಯಾಗಿರಬೇಕು. ದಿನಾ ತೆಗೆದುಕೊಳ್ಳುವ ಔಷಧವನ್ನು ದಿಢೀರನೆ ಬಿಟ್ಟರೆ ನಿಲ್ಲದ ಮೂರ್ಛೆಯ ಅಪಾಯವೂ ಉಂಟು. ಬಚ್ಚಲಿನ ಮೂರ್ಛೆಗೆ ಮಾತ್ರ ಗೊತ್ತಾದ ಹೊತ್ತಿದೆ. ಅದೇ ರೋಗಿಗೆ ಮುಂದೆ ನೀರು ಸೋಕದೆಯೂ ಫಿಟ್ಸ್ ಬಂದರೆ ಲೆಕ್ಕ ಬದಲಾಗಿ ದಿನದ ಔಷಧ ಬೇಕಾಗುತ್ತದೆ. ಕೆಲವರಲ್ಲಿ ಹಾಗೆ ಆಗುತ್ತದೆ ಕೂಡ. ಇದನ್ನು ತೀರ್ಮಾನಿಸಲು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯೊಂದನ್ನೇ ನಂಬುವಂತಿಲ್ಲ, ಏಕೆಂದರೆ ಮೂರ್ಛೆಯಿಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ ಎಷ್ಟೋ ಮಂದಿಯಲ್ಲಿ ಸರಿಯಾಗಿಯೇ ಇರುತ್ತದೆ. ನೀರು ಮೈಗೆ ಬಿದ್ದಾಗಲೋ ತಲೆಗೆ ಬಿದ್ದಾಗಲೋ, ಎಷ್ಟು ಚೊಂಬಿನ ಹೊತ್ತಿಗೆ, ಸ್ನಾನವಿಲ್ಲದ ದಿನ ಎಂದಾದರೂ ಬಂದಿತ್ತೇ ಎಂಬುದನ್ನು ಹೇಳಬಲ್ಲವರು ಬಚ್ಚಲಮನೆಯ ಹೊರಗಿದ್ದ ಮನೆಯವರು.