ಮಗಳನ್ನು ‘ಅವ್ವಾ’ ಎಂದು ಕರೆಯುವ ಅಕ್ಕರೆ

ಗೋಕರ್ಣಕ್ಕೆ ಹೋದವರು ಮಹಾಬಲೇಶ್ವರನ ದರ್ಶನ ಮುಗಿಸಿ, ಮಕ್ಕಳ ಒತ್ತಾಯಕ್ಕೆ ಓಂ ಬೀಚಿನತ್ತ ಹೊರಡುವುದು ವಾಡಿಕೆ. ಎರಡು ಅರ್ಧಚಂದ್ರಗಳು ಕೂಡಿ ಓಂಕಾರದ ಆಕಾರ ತಳೆದ ಆ ದಂಡೆಯಲ್ಲಿ ಅರ್ಧ ತಾಸು ಕುಳಿತರೆ ಹಲವು ಸೀಮೆಯ ತಾಯಂದಿರ ಕರೆ ಕಿವಿಗೆ ಬೀಳುತ್ತದೆ. ನೀರಿಗಿಳಿದ ಹುಡುಗಿಯನ್ನು ಊರವರು ‘ತಂಗೀ’ ಎಂದರೆ, ಹವ್ಯಕರಿಗೆ ಅವಳು ‘ಕೂಸು’, ಹುಡುಗನಾದರೆ ‘ಮಾಣಿ’. ಧಾರವಾಡ, ಗದಗ ಸೀಮೆಯ ನಮ್ಮವರಾದರೋ ಐದು ವರ್ಷದ ಮಗಳಿಗೆ ‘ದೂರ ಹೋಗಬ್ಯಾಡ ನಮ್ಮವ್ವಾ’ ಎನ್ನುತ್ತಾರೆ. ಮಗಳು ಅವ್ವನಾಗುವುದೆಂತು?

ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುವುದು ನಮ್ಮ ಹಲವು ಮನೆತನಗಳ ಪದ್ಧತಿ. ಅತ್ತೆ ಮಾವಂದಿರ ಹೆಸರನ್ನು ಸೊಸೆಯಾದವಳು ಬಾಯಿಬಿಟ್ಟು ಹೇಳುವಂತಿರಲಿಲ್ಲ. ತೊಟ್ಟಿಲಲ್ಲಿರುವುದೋ ಅದೇ ಹೆಸರಿನ ಕೂಸು! ‘ಅಪ್ಪಣ್ಣ’, ‘ಅವ್ವಕ್ಕ’ ಎಂದು ಕರೆದು ಆಕೆ ಪಾರಾಗುತ್ತಿದ್ದಳು. ಆ ಸಂಕೋಚ ಸಡಿಲಿದ ಮೇಲೂ ಕರೆ ಉಳಿದಿದೆಯೆಂದರೆ ಅದು ಬರಿಯ ಉಪಾಯವಾಗಿರಲಿಲ್ಲವೆಂದೇ ತಿಳಿಯಬೇಕು.

ಇದು ನಮ್ಮಲ್ಲಿ ಮಾತ್ರವಲ್ಲ. ಸ್ಪ್ಯಾನಿಷ್ ಆಡುವ ಕೆರಿಬಿಯನ್ ನಾಡುಗಳಲ್ಲಿ ತಾಯಿ ಪುಟ್ಟ ಮಗಳನ್ನು ‘ಮಾಮಿ’, ಮಗನನ್ನು ‘ಪಾಪಿ’ ಎಂದು ಮುದ್ದಿಸುತ್ತಾಳೆ. ಅರ್ಥ ಅಮ್ಮ, ಅಪ್ಪ ಎಂದೇ. (ನಮ್ಮ ಕಿವಿಗೆ ಎರಡನೆಯದು ಬೈಗುಳದಂತೆ ಕೇಳಿಸಿದರೆ ಆ ತಾಯಿಯ ತಪ್ಪಲ್ಲ.) ಅಲ್ಲಿ ಅಜ್ಜಿ ‘ಅಬುಯೆಲಾ’, ಅಕ್ಕರೆ ಉಕ್ಕಿದಾಗ ‘ಅಬುಯೆಲಿತಾ’. ಹೊಸೆ ಎಂಬಾತ ಮನೆಯಲ್ಲಿ ‘ಪೇಪೆ’, ಫ್ರಾನ್ಸಿಸ್ಕೊ ‘ಪಾಕೊ’. ನಮ್ಮಲ್ಲಿ ಬಸವರಾಜ ‘ಬಸ್ಯಾ’, ಗಂಗವ್ವ ‘ಗಂಗಿ’ ಆದಂತೆ. ಆದರೆ ‘ಬಸ್ಯಾ’ ಎಂಬುದು ಮುತ್ಯಾನ ಬಾಯಲ್ಲಿ ಮುದ್ದು, ಪರರ ಬಾಯಲ್ಲಿ ಜಗಳಕ್ಕೆ ಕಾರಣ!

ಬಂಧುವಾಚಕವು ರಕ್ತಸಂಬಂಧವನ್ನು ಮೀರುವುದನ್ನು ಶರಣರಲ್ಲಿ ಕಾಣಬೇಕು. ಎಳೆಯ ವಯಸ್ಸಿನ ಮಹಾದೇವಿ ಕಲ್ಯಾಣದ ಹಿರಿಯರಿಗೂ ‘ಅಕ್ಕ’ನಾದಳು. ಬಸವಣ್ಣನವರು ಮಾದಾರ ಚೆನ್ನಯ್ಯನವರನ್ನು ತಂದೆಯೆಂದು ಹೇಳಿಕೊಂಡರು. 12ನೆಯ ಶತಮಾನದಲ್ಲಿ ಅದು ಸಣ್ಣ ಮಾತಲ್ಲ.

ಇಂದು ಚಿಗವ್ವ, ದೊಡ್ಡವ್ವ, ಸೋದರತ್ತೆ ಎಲ್ಲರೂ ‘ಆಂಟಿ’ಯಲ್ಲಿ ಕರಗುತ್ತಿದ್ದಾರೆ. ‘ಆಂಟಿ ಬಂದಿದ್ದರು’ ಎಂದು ಮಗು ಹೇಳಿದರೆ ತಾಯಿಯ ತಂಗಿಯೋ, ತಂದೆಯ ತಂಗಿಯೋ, ನೆರೆಮನೆಯವರೋ ಎಂದು ಮತ್ತೆ ಕೇಳಬೇಕು. ಮುದ್ದಿನ ಹೆಸರುಗಳ ಗತಿ ಇನ್ನೂ ಕಠಿಣ. ಶಾಲೆಯ ದಾಖಲೆಯಲ್ಲಾಗಲಿ ಲಗ್ನಪತ್ರಿಕೆಯಲ್ಲಾಗಲಿ ಅವು ಇರುವುದಿಲ್ಲ. ಮನೆಯಲ್ಲಿ ವಂಶಾವಳಿ ಬರೆದಿಟ್ಟವರು ಪ್ರತಿ ಹೆಸರಿನ ಮುಂದೆ ಕರೆಯುವ ಹೆಸರನ್ನೂ ಬರೆಯಲಿ. ಮುತ್ಯಾನನ್ನು ಅವನ ಅವ್ವ ಏನೆಂದು ಕರೆಯುತ್ತಿದ್ದಳೆಂಬುದನ್ನು ಅವನಿಂದಲೇ ಕೇಳಬೇಕಷ್ಟೆ.