ಬೀಳುವುದನ್ನು ಕಲಿಸುವ ಕುಸ್ತಿ

ಕುಸ್ತಿ ಎಂದರೆ ಏನು? ಎದುರಾಳಿಯನ್ನು ಬೀಳಿಸುವುದು. ಅಲ್ಲವೇ? ಆದರೆ ಜಪಾನ್ ದೇಶದಲ್ಲಿ ಒಂದು ಕುಸ್ತಿ ಇದೆ. ಅದರಲ್ಲಿ ಮೊದಲು ಕಲಿಸೋದು ಬೀಳಿಸುವುದನ್ನಲ್ಲ, ಬೀಳುವುದನ್ನು! ಅದರ ಹೆಸರು ಜೂಡೊ. ‘ಜೂ’ ಎಂದರೆ ಮೃದು. ‘ಡೊ’ ಎಂದರೆ ದಾರಿ.

ಈ ವಿದ್ಯೆಯನ್ನು ಕಟ್ಟಿದವರು ಜಿಗೊರೊ ಕಾನೊ. ಹುಟ್ಟಿದ್ದು 1860ರಲ್ಲಿ. ಚಿಕ್ಕಂದಿನಲ್ಲಿ ಅವರದು ಸಣಕಲು ಮೈ. ಶಾಲೆಯಲ್ಲಿ ಬಲವಾದ ಹುಡುಗರು ಅವರನ್ನು ಕಾಡುತ್ತಿದ್ದರು. ಅದಕ್ಕೇ ಅವರು ಜುಜುತ್ಸು ಕಲಿಯಲು ಹೊರಟರು. ಅದು ಜಪಾನಿನ ಯೋಧರ ಹಳೆಯ ಕುಸ್ತಿ. ಆ ಕಾಲಕ್ಕೆ ಅದನ್ನು ಕೇಳುವವರೇ ಕಡಿಮೆ. ಗುರುಗಳು ಸಿಗುವುದೇ ಕಷ್ಟವಾಯಿತು. ಹೇಗೋ ಹುಡುಕಿ ಕಲಿತರು. ಅದನ್ನೇ ತಿದ್ದಿ ಜೂಡೊ ಮಾಡಿದರು. 1882ರಲ್ಲಿ ಟೋಕಿಯೊ ನಗರದ ಒಂದು ಬೌದ್ಧ ಗುಡಿಯಲ್ಲಿ ಕಲಿಸಲು ಶುರು ಮಾಡಿದರು. 12 ಚಾಪೆ ಹಾಸುವಷ್ಟು ಜಾಗ, ಅಷ್ಟೇ.

ಕಾನೊ ಮೇಷ್ಟ್ರು ಕೂಡ ಹೌದು. ಶಿಕ್ಷಕರನ್ನು ತಯಾರು ಮಾಡುವ ಶಾಲೆಗೆ ಬಹಳ ವರ್ಷ ಮುಖ್ಯಸ್ಥರಾಗಿದ್ದರು. ಅದಕ್ಕೇ ಇರಬೇಕು, ಅವರ ಕುಸ್ತಿಯಲ್ಲೂ ಪಾಠದ ಕ್ರಮ ಇದೆ.

ಬೀಳುವುದನ್ನು ಕಲಿಯೋದು ಹೇಗೆ ಅಂತೀರಾ? ಕಾಲು ಜಾರಿದಾಗ ನಾವು ಗಾಬರಿಯಿಂದ ಅಂಗೈ ಊರುತ್ತೇವೆ. ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಮೂಳೆ ಮುರಿಯುವುದು ಹೀಗೇ. ಜೂಡೊದಲ್ಲಿ ಹಾಗಲ್ಲ. ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಬೇಕು. ಆಗ ತಲೆ ನೆಲಕ್ಕೆ ಬಡಿಯುವುದಿಲ್ಲ. ಬೆನ್ನನ್ನು ದುಂಡಗೆ ಮಾಡಬೇಕು. ತೋಳು ಚಾಚಿ ಚಾಪೆಯನ್ನು ಪಟ್ ಅಂತ ಬಡಿಯಬೇಕು. ಪೆಟ್ಟು ಒಂದೇ ಕಡೆ ಬೀಳದೆ ಹಂಚಿಹೋಗುತ್ತದೆ. ಮೊದಲು ಕುಕ್ಕರಗಾಲಲ್ಲಿ ಕೂತು, ಆಮೇಲೆ ನಿಂತು, ಮತ್ತೆ ಮತ್ತೆ ಮಾಡಿಸುತ್ತಾರೆ. ಬೀಳುವ ಹೆದರಿಕೆ ಹೋಗುತ್ತದೆ. (ಗುರು ಇಲ್ಲದೆ ಇದನ್ನು ಮನೆಯಲ್ಲಿ ಮಾಡಬೇಡಿ!)

ಇನ್ನು ಬಲದ ಲೆಕ್ಕ. ಎದುರಾಳಿಯ ಬಲ 10 ಪಾಲು, ನಿಮ್ಮದು 7 ಎನ್ನಿ. ಅವನು ತಳ್ಳಿದಾಗ ನೀವೂ ತಳ್ಳಿದರೆ ಸೋಲುವವರು ನೀವೇ. ತಳ್ಳಬೇಡಿ, ಹಿಂದೆ ಸರಿಯಿರಿ. ಅವನು ಮುಂದಕ್ಕೆ ಮುಗ್ಗರಿಸುತ್ತಾನೆ. ಆಗ ಅವನ ಬಲ 3 ಪಾಲೂ ಉಳಿಯದು. ನಿಮ್ಮ 7 ಹಾಗೇ ಇರುತ್ತದೆ. ಕಾನೊ ಕೂಡ ಇಂಥ ಲೆಕ್ಕ ಹಾಕಿಯೇ ಹೇಳಿಕೊಡುತ್ತಿದ್ದರು.

ಆಟಕ್ಕೆ ಮೊದಲು ಇಬ್ಬರೂ ಬಾಗಿ ನಮಸ್ಕರಿಸುತ್ತಾರೆ. ಮುಗಿದ ಮೇಲೂ ನಮಸ್ಕರಿಸುತ್ತಾರೆ. ಪಟ್ಟು ತಾಳಲಾಗದಿದ್ದರೆ ಕೈಯಿಂದ ಎರಡು ಸಲ ತಟ್ಟಿದರೆ ಸಾಕು. ಎದುರಾಳಿ ಕೂಡಲೇ ಬಿಡಬೇಕು. ಗೆಲ್ಲುವ ಹೊತ್ತಿನಲ್ಲಿ ಕೈ ಬಿಡೋದು ಸುಲಭವಲ್ಲ. ಮನಸ್ಸಿನ ಪಾಠ ಇದೇ.

ಕಾನೊ ಹೆಂಗಸರಿಗೂ ಕಲಿಸಿದರು. ಅವರಲ್ಲಿ ಒಬ್ಬರು ಕೆಯ್ಕೊ ಫುಕುದಾ. ಕಾನೊಗೆ ಜುಜುತ್ಸು ಕಲಿಸಿದ ಗುರುವಿನ ಮೊಮ್ಮಗಳು. ಎತ್ತರ ಐದಡಿಯೂ ಇಲ್ಲ. ಜೂಡೊ ಬಿಡಬಾರದು ಅಂತ ಮದುವೆಯೇ ಬೇಡ ಎಂದವರು. ಜೂಡೊದಲ್ಲಿ ಕಪ್ಪು ಪಟ್ಟಿ ಬಂದ ಮೇಲೆ 10 ದರ್ಜೆಗಳಿವೆ. ಹೆಂಗಸರಿಗೆ 5ನೆಯ ದರ್ಜೆಯಿಂದ ಮೇಲೆ ಕೊಡುತ್ತಿರಲಿಲ್ಲ. ಇದು ಅನ್ಯಾಯವೇ ಸರಿ. 1972ರಲ್ಲಿ ಅವರಿಗೆ 6ನೆಯದು ಸಿಕ್ಕಿತು. ಅಷ್ಟರಲ್ಲಿ ಅವರು ಅಮೆರಿಕಕ್ಕೆ ಹೋಗಿ ನೆಲೆಸಿದ್ದರು. 2011ರಲ್ಲಿ ಅಲ್ಲಿನ ಜೂಡೊ ಸಂಸ್ಥೆ 10ನೆಯ ದರ್ಜೆ ಕೊಟ್ಟಿತು. ಆಗ ಅವರಿಗೆ 98 ವರ್ಷ. ಆ ವಯಸ್ಸಿನಲ್ಲೂ ಅವರು ಹೆಂಗಸರಿಗೆ ಜೂಡೊ ಹೇಳಿಕೊಡುತ್ತಿದ್ದರು.